ದೂರವಾಣಿನಗರದ ದುಡಿಮೆ: ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ ನೌಕರರ ಅನುಭವಗಳು (1948–2021)

ಪೀಠಿಕೆ

ಬೆಂಗಳೂರಿನ ಪೂರ್ವ ಭಾಗದಲ್ಲಿ, ಹಳೆಯ ಮದ್ರಾಸು ರಸ್ತೆಯಲ್ಲಿ, ಕೃಷ್ಣರಾಜಪುರಕ್ಕೆ ಸಮೀಪವಾಗಿ ದೂರವಾಣಿನಗರವೆಂಬ ಬಡಾವಣೆಯಿದೆ. ಅರಸನ ಹೆಸರನ್ನೋ ದೇವರ ಹೆಸರನ್ನೋ ಹೊರದೆ, ಅಲ್ಲಿ ತಯಾರಾಗುತ್ತಿದ್ದ ವಸ್ತುವಿನ ಹೆಸರನ್ನೇ ಹೊತ್ತ ಊರು ಇದು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮವೆಂದು ಪರಿಗಣಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐ.ಟಿ.ಐ.) 1948ರಲ್ಲಿ ಇಲ್ಲಿ ಸ್ಥಾಪನೆಗೊಂಡಿತು. ಮುಂದಿನ ನಾಲ್ಕು ದಶಕಗಳ ಕಾಲ ದೇಶದ ದೂರವಾಣಿ ವಿನಿಮಯ ಕೇಂದ್ರಗಳಿಗೂ ಮನೆ, ಕಚೇರಿಗಳಿಗೂ ಬೇಕಾದ ಉಪಕರಣಗಳಲ್ಲಿ ಬಹುಪಾಲು ಈ ಸಂಸ್ಥೆಯ ಕಾರ್ಖಾನೆಗಳಿಂದಲೇ ಹೊರಬಂದವು.

ಆಧುನಿಕ ಕರ್ನಾಟಕದ ಚರಿತ್ರೆಯಲ್ಲಿ ಕೈಗಾರಿಕೀಕರಣದ ಪ್ರಸ್ತಾಪ ಬಂದಾಗ ದಿವಾನರ ದೂರದೃಷ್ಟಿ, ಜಲವಿದ್ಯುತ್ ಯೋಜನೆಗಳು, ಪಂಚವಾರ್ಷಿಕ ಯೋಜನೆಗಳ ಬಂಡವಾಳ ಮೊದಲಾದ ಸಂಗತಿಗಳು ವಿವರವಾಗಿ ನಿರೂಪಿತವಾಗುತ್ತವೆ. ಆ ಕಾರ್ಖಾನೆಗಳಲ್ಲಿ ದುಡಿದವರ ಬದುಕಿಗೆ ದೊರೆತ ಪುಟಗಳು ಕಡಿಮೆ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಹಾಗೂ ಗಿರಣಿ ಕಾರ್ಮಿಕರನ್ನು ಕುರಿತು, ಮಾರ್ಕ್ ಹೋಲ್ಮ್‌ಸ್ಟ್ರಮ್ ಅವರು ಬೆಂಗಳೂರಿನ ಕಾರ್ಖಾನೆ ಕಾರ್ಮಿಕರನ್ನು ಕುರಿತು, ದಿಲೀಪ್ ಸುಬ್ರಮಣಿಯನ್ ಅವರು ವಿಶೇಷವಾಗಿ ಐ.ಟಿ.ಐ.ಯನ್ನು ಕುರಿತು ನಡೆಸಿದ ಅಧ್ಯಯನಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ. ಆದರೆ ಇವೆಲ್ಲವೂ ಇಂಗ್ಲಿಷಿನಲ್ಲಿವೆ.

ಹೋಲ್ಮ್‌ಸ್ಟ್ರಮ್ ಅವರು 1976ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಸಂಘಟಿತ ವಲಯದ ನೌಕರಿಯನ್ನು ಒಂದು ಕೋಟೆಗೆ ಹೋಲಿಸಿದ್ದಾರೆ. ಕೋಟೆಯ ಒಳಗಿರುವವರಿಗೆ ಭದ್ರತೆಯುಂಟು, ಹೊರಗಿರುವವರು ಒಳಹೋಗಲು ಕಾಯುತ್ತಿರುತ್ತಾರೆ ಎಂಬುದು ಆ ಹೋಲಿಕೆಯ ತಾತ್ಪರ್ಯ. 1984ರ ಕೃತಿಯಲ್ಲಿ ಅವರೇ ಈ ಹೋಲಿಕೆಯನ್ನು ತಿದ್ದಿಕೊಂಡು, ಒಳಗು ಹೊರಗುಗಳ ನಡುವಿನ ಗೆರೆ ಅಷ್ಟು ಸ್ಪಷ್ಟವಾದುದಲ್ಲವೆಂದು ಹೇಳಿದರು. ದೂರವಾಣಿನಗರದ ಮಟ್ಟಿಗೆ ಈ ಕೋಟೆ ಹೇಗೆ ಕಟ್ಟಲ್ಪಟ್ಟಿತು, ಅದರೊಳಗಿನ ದುಡಿಮೆ ಎಂತಹುದಾಗಿತ್ತು, ಅದರ ಗೋಡೆ ಕೊನೆಗೆ ಎಲ್ಲಿಗೆ ಸರಿಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸ್ಥಾಪನೆಯ ಹಿನ್ನೆಲೆ

ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ದೂರವಾಣಿ ಉಪಕರಣಗಳು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಆಮದಾಗುತ್ತಿದ್ದವು. ಕಲ್ಕತ್ತೆಯ ಆಲಿಪುರದಲ್ಲಿದ್ದ ಇಲಾಖಾ ಕಾರ್ಯಾಗಾರದಂತಹ ಕಡೆಗಳಲ್ಲಿ ದುರಸ್ತಿ ಮತ್ತು ಸಣ್ಣ ಪ್ರಮಾಣದ ತಯಾರಿಕೆ ನಡೆಯುತ್ತಿತ್ತು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಯನ್ನು ಆರಂಭಿಸಿತು. ಮೊದಲು ಇಲಾಖೆಯ ಅಂಗವಾಗಿದ್ದ ಇದು 1950ರ ಜನವರಿಯಲ್ಲಿ ಕಂಪನಿಯಾಗಿ ನೋಂದಾಯಿತವಾಯಿತು. ಅದರ ಬಂಡವಾಳದಲ್ಲಿ ಭಾರತ ಸರ್ಕಾರದ ಜೊತೆಗೆ ಮೈಸೂರು ಸರ್ಕಾರಕ್ಕೂ ಬ್ರಿಟಿಷ್ ಸಂಸ್ಥೆಗೂ ಪಾಲಿತ್ತು.

ಕಾರ್ಖಾನೆಗೆ ಬೆಂಗಳೂರು ಒಪ್ಪಿತವಾದುದಕ್ಕೆ ಹಲವು ಕಾರಣಗಳನ್ನು ಕಾಣಬಹುದು. 1902ರಲ್ಲಿ ಕಾರ್ಯಾರಂಭ ಮಾಡಿದ ಶಿವನಸಮುದ್ರದ ಯೋಜನೆಯಿಂದ ಮೊದಲ್ಗೊಂಡು ಮೈಸೂರು ಸಂಸ್ಥಾನವು ಜಲವಿದ್ಯುತ್ತಿನಲ್ಲಿ ಮುಂದಿದ್ದಿತು. 1909ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಮಂದಿರವೂ 1940ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ ನಗರಕ್ಕೆ ತಾಂತ್ರಿಕ ವಾತಾವರಣವನ್ನು ಒದಗಿಸಿದ್ದವು. ಧೂಳು, ಸೆಖೆಗಳು ಕಡಿಮೆಯಿರುವ ಹವೆಯು ಸೂಕ್ಷ್ಮ ಉಪಕರಣಗಳ ಜೋಡಣೆಗೆ ಅನುಕೂಲವಾಗಿತ್ತು. ಮೈಸೂರು ಸರ್ಕಾರ ಭೂಮಿಯನ್ನು ಒದಗಿಸಿತು. ಮುಂದೆ ಎಚ್.ಎಂ.ಟಿ. (1953), ಬಿ.ಇ.ಎಲ್. (1954), ಬಿ.ಇ.ಎಂ.ಎಲ್. (1964) ಇದೇ ನಗರಕ್ಕೆ ಬಂದು, ಬೆಂಗಳೂರು ಸಾರ್ವಜನಿಕ ಉದ್ಯಮಗಳ ನೆಲೆಯಾಯಿತು.

ಕೈಯ ಕೆಲಸ: ಸ್ಟ್ರೋಜರ್ ಯುಗ

ಆರಂಭದಲ್ಲಿ ಆಮದಾದ ಬಿಡಿಭಾಗಗಳನ್ನು ಜೋಡಿಸುವ ಕೆಲಸವಷ್ಟೇ ನಡೆಯುತ್ತಿತ್ತು. ಕ್ರಮೇಣ ಅಚ್ಚು, ತಿರುಪು, ಸುರುಳಿ, ಬಾಗುಪಟ್ಟಿಗಳೆಲ್ಲವೂ ಇಲ್ಲಿಯೇ ತಯಾರಾಗತೊಡಗಿದವು. ಆಗ ತಯಾರಾಗುತ್ತಿದ್ದ ವಿನಿಮಯ ಕೇಂದ್ರಗಳು ಸ್ಟ್ರೋಜರ್ ಪದ್ಧತಿಯವು. ಅಮೆರಿಕದ ಶವಸಂಸ್ಕಾರ ವೃತ್ತಿಯ ಆಲ್ಮನ್ ಸ್ಟ್ರೋಜರ್ ಎಂಬವರು 1891ರಲ್ಲಿ ಹಕ್ಕುಪತ್ರ ಪಡೆದ ಈ ಪದ್ಧತಿಯಲ್ಲಿ ಚಂದಾದಾರನು ತಿರುಗಿಸಿದ ಅಂಕಿಗೆ ಅನುಗುಣವಾಗಿ ಸೆಲೆಕ್ಟರ್ ಎಂಬ ಯಂತ್ರಭಾಗವು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿ, ಬಳಿಕ ಪಕ್ಕಕ್ಕೆ ತಿರುಗಿ, ಹತ್ತು ಸಾಲುಗಳಲ್ಲಿರುವ ಹತ್ತು ಹತ್ತು ಸಂಪರ್ಕ ಬಿಂದುಗಳಲ್ಲಿ ಒಂದನ್ನು ಮುಟ್ಟುತ್ತದೆ. ಹೀಗೆ ಒಂದು ಸೆಲೆಕ್ಟರಿಗೆ ನೂರು ದಾರಿಗಳು. ಒಂದು ನಗರದ ವಿನಿಮಯ ಕೇಂದ್ರಕ್ಕೆ ಇಂತಹ ಸಾವಿರಾರು ಭಾಗಗಳು ಬೇಕಾಗುತ್ತಿದ್ದವು.

ಈ ತಂತ್ರಜ್ಞಾನದ ಸ್ವರೂಪವೇ ಅಂದಿನ ನೌಕರರ ಅನುಭವವನ್ನು ರೂಪಿಸಿತೆಂಬುದು ಗಮನಾರ್ಹ. ರಿಲೇ ಎಂಬ ವಿದ್ಯುತ್ಕಾಂತೀಯ ಸ್ವಿಚ್ಚಿನ ಬಾಗುಪಟ್ಟಿಗಳು ಎಷ್ಟು ಬಿಗಿಯಾಗಿರಬೇಕು, ಅವುಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದಕ್ಕೆ ಅಳತೆಗಳಿದ್ದವು. ಬಿಗಿತವನ್ನು ಗ್ರಾಮುಗಳಲ್ಲಿ ತೋರಿಸುವ ಗೇಜನ್ನೂ ಅಂತರವನ್ನು ನೋಡುವ ತೆಳು ಉಕ್ಕಿನ ಹಾಳೆಗಳನ್ನೂ ಬಳಸಲಾಗುತ್ತಿತ್ತು. ಆದರೆ ಪಟ್ಟಿಯನ್ನು ಇಕ್ಕಳದಿಂದ ಎಷ್ಟು ಬಾಗಿಸಿದರೆ ಆ ಅಳತೆಗೆ ಬರುತ್ತದೆ ಎಂಬುದು ಕೈಗೆ ಗೊತ್ತಾಗಬೇಕಾದ ವಿದ್ಯೆ. ಗೇಜು ತಪ್ಪನ್ನು ತೋರಿಸಬಲ್ಲುದು, ತಿದ್ದಬೇಕಾದುದು ಬೆರಳು. ಆದುದರಿಂದ ಹೊಂದಾಣಿಕೆಯ ವಿಭಾಗದಲ್ಲಿ ಪಳಗಿದ ನೌಕರನಿಗೆ ತನ್ನದೇ ಆದ ಬೆಲೆಯಿದ್ದಿತು, ಹೊಸಬರು ಅವನ ಪಕ್ಕದಲ್ಲಿ ಕುಳಿತೇ ಕಲಿಯಬೇಕಾಗಿತ್ತು.

ಕೆಲಸಕ್ಕೆ ನಿಗದಿತ ಸಮಯವನ್ನು ಗೊತ್ತುಪಡಿಸಿ, ಅದಕ್ಕಿಂತ ಹೆಚ್ಚು ಉತ್ಪಾದಿಸಿದವರಿಗೆ ಪ್ರೋತ್ಸಾಹಧನ ನೀಡುವ ಪದ್ಧತಿಯೂ ಜಾರಿಯಲ್ಲಿತ್ತು. ಇದು ನುರಿತವರಿಗೆ ಲಾಭದಾಯಕವಾದರೂ, ಸಮಯವನ್ನು ನಿಗದಿಪಡಿಸುವವರು ಯಾರು, ಯಾವ ಆಧಾರದ ಮೇಲೆ ಎಂಬ ವಿಷಯ ನೌಕರರಿಗೂ ಮೇಲ್ವಿಚಾರಕರಿಗೂ ನಡುವೆ ಸದಾ ವಾದಕ್ಕೆ ಕಾರಣವಾಗಿತ್ತು. ಸೈರನ್ನಿನ ಶಿಸ್ತಿನ ಕೆಳಗೆ ಈ ಬಗೆಯ ದೈನಂದಿನ ಚೌಕಾಶಿ ನಡೆಯುತ್ತಲೇ ಇತ್ತು.

ವಸತಿ, ವೇತನ ಮತ್ತು ಭದ್ರತೆ

ಕಾರ್ಖಾನೆಯ ಜೊತೆಯಲ್ಲಿಯೇ ಬಡಾವಣೆಯೂ ಬೆಳೆಯಿತು. ವಸತಿಗೃಹಗಳು, ಆಸ್ಪತ್ರೆ, ಐ.ಟಿ.ಐ. ವಿದ್ಯಾಮಂದಿರ ಶಾಲೆ, ಆಟದ ಮೈದಾನ, ನೌಕರರನ್ನು ಕರೆತರುವ ಬಸ್ಸುಗಳು, ಕಡಿಮೆ ದರದ ಊಟ ದೊರೆಯುವ ಕ್ಯಾಂಟೀನು ಇವೆಲ್ಲ ನೌಕರಿಯ ಅಂಗವಾಗಿದ್ದವು. ಎಲ್ಲರಿಗೂ ವಸತಿಗೃಹಗಳು ದೊರೆಯಲಿಲ್ಲ. ಹೆಚ್ಚಿನವರು ಕೃಷ್ಣರಾಜಪುರ, ಹಲಸೂರು ಮುಂತಾದ ಕಡೆಗಳಿಂದ ಬರುತ್ತಿದ್ದರು. ಮುಂದೆ ಗೃಹನಿರ್ಮಾಣ ಸಹಕಾರ ಸಂಘಗಳ ಮೂಲಕ ನಿವೇಶನಗಳನ್ನು ಪಡೆದರು. ಇಂದು ಬೆಂಗಳೂರಿನ ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಕಾಣುವ ‘ಐ.ಟಿ.ಐ. ಲೇಔಟ್’ ಎಂಬ ಹೆಸರು ಈ ಚರಿತ್ರೆಯ ಕುರುಹು.

ಈ ಸೌಲಭ್ಯಗಳಿಗಿಂತ ದೊಡ್ಡದಾದುದು ‘ಕಾಯಂ’ ಎಂಬ ಒಂದು ಮಾತು. ಮಳೆಯನ್ನು ನಂಬಿದ ಬೇಸಾಯದಿಂದಲೋ, ದಿನಗೂಲಿಯಿಂದಲೋ ಬಂದ ಕುಟುಂಬಕ್ಕೆ ತಿಂಗಳ ಗೊತ್ತಾದ ದಿನದಂದು ಸಂಬಳ, ಭವಿಷ್ಯನಿಧಿ, ಉಪದಾನಗಳು ದೊರೆಯುವುದೆಂದರೆ ಬದುಕಿನ ಲೆಕ್ಕಾಚಾರವೇ ಬದಲಾದಂತೆ. ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಮನೆ ಕಟ್ಟುವ ಸಾಲ ಎಲ್ಲವೂ ಆ ಒಂದು ಮಾತಿನ ಆಧಾರದ ಮೇಲೆ ನಿಂತಿದ್ದವು. ಆದರೆ ಈ ಭದ್ರತೆಯ ಅಡಿಪಾಯ ಎರಡೇ ಕಂಬಗಳ ಮೇಲಿತ್ತು. ಕೊಳ್ಳುವವನು ಒಬ್ಬನೇ, ಅದು ಅಂಚೆ ಮತ್ತು ತಂತಿ ಇಲಾಖೆ. ತಂತ್ರಜ್ಞಾನವೂ ಹೆಚ್ಚು ಕೈಗಳನ್ನು ಬೇಡುವ ಒಂದೇ ಬಗೆಯದು. ಈ ಎರಡು ಕಂಬಗಳು ಅಲುಗಾಡುವವರೆಗೆ ಕೋಟೆ ಭದ್ರವಾಗಿಯೇ ಕಾಣುತ್ತಿತ್ತು.

ಮಹಿಳಾ ನೌಕರರು

ಗಿರಣಿಗಳ ನಂತರ ಬೆಂಗಳೂರಿನ ಮಹಿಳೆಯರಿಗೆ ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆಯ ಕೆಲಸ ಒದಗಿಸಿದ ಉದ್ಯಮಗಳಲ್ಲಿ ಐ.ಟಿ.ಐ. ಒಂದು. ತಂತಿ ಸುರುಳಿ ಸುತ್ತುವುದು, ತಂತಿಗಳ ಬೆಸುಗೆ, ದೂರವಾಣಿ ಉಪಕರಣದ ಜೋಡಣೆ ಮುಂತಾದ ಕೆಲಸಗಳಿಗೆ ಮಹಿಳೆಯರನ್ನು ನೇಮಿಸಲಾಯಿತು. ಅವರ ಬೆರಳುಗಳು ಚುರುಕೆಂಬುದು ಇದಕ್ಕೆ ಸಾಮಾನ್ಯವಾಗಿ ನೀಡಲಾಗುತ್ತಿದ್ದ ಸಮರ್ಥನೆ. ಆದರೆ ಅದೇ ಚುರುಕುತನವನ್ನು ಕೌಶಲವೆಂದು ಗಣಿಸಿ ಮೇಲಿನ ಶ್ರೇಣಿಗೆ ಏರಿಸುವಾಗ ಆ ಸಮರ್ಥನೆ ಮರೆತುಹೋಗುತ್ತಿತ್ತು. ಯಂತ್ರಗಳ ವಿಭಾಗ, ಉಪಕರಣಾಗಾರ ಮೊದಲಾದವು ಪುರುಷರ ಕ್ಷೇತ್ರಗಳಾಗಿಯೇ ಉಳಿದವು.

1948ರ ಕಾರ್ಖಾನೆಗಳ ಕಾಯಿದೆಯ 66ನೆಯ ಕಲಮಿನ ಪ್ರಕಾರ ಮಹಿಳೆಯರನ್ನು ಬೆಳಗ್ಗೆ 6ರಿಂದ ಸಂಜೆ 7ರ ಅವಧಿಯಲ್ಲಿ ಮಾತ್ರ ದುಡಿಸಿಕೊಳ್ಳಬಹುದಾಗಿತ್ತು. ರಕ್ಷಣೆಯ ದೃಷ್ಟಿಯಿಂದ ಮಾಡಿದ ಈ ನಿಯಮವು ರಾತ್ರಿ ಪಾಳಿಯ ಭತ್ಯೆಯಿಂದಲೂ, ಪಾಳಿಯ ಕೆಲಸ ಕಡ್ಡಾಯವಾಗಿದ್ದ ಹುದ್ದೆಗಳಿಂದಲೂ ಅವರನ್ನು ದೂರವಿರಿಸಿತು. ಅದೇ ಕಾಯಿದೆಯು ಮಹಿಳಾ ನೌಕರರ ಸಂಖ್ಯೆ 50ನ್ನು ಮೀರಿದ ಕಾರ್ಖಾನೆಗಳಲ್ಲಿ ಶಿಶುವಿಹಾರವನ್ನು ಕಡ್ಡಾಯಗೊಳಿಸಿತ್ತು. 1976ರ ತಿದ್ದುಪಡಿಯಿಂದ ಈ ಸಂಖ್ಯೆ 30ಕ್ಕೆ ಇಳಿಯಿತು. ಮದುವೆ, ಹೆರಿಗೆಗಳ ನಂತರವೂ ದುಡಿಮೆಯನ್ನು ಮುಂದುವರಿಸಿ ನಿವೃತ್ತಿಯವರೆಗೆ ಸಂಬಳ ತಂದ ಮಹಿಳೆಯರ ಒಂದು ಪೀಳಿಗೆಯೇ ಹೀಗೆ ರೂಪುಗೊಂಡಿತು. ಬೆಂಗಳೂರಿನ ಸಾಮಾಜಿಕ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಭಾಷೆ ಮತ್ತು ನೇಮಕಾತಿ

ಬಡಾವಣೆಯ ಹೆಸರು ಅಚ್ಚ ಕನ್ನಡದ ರೂಪದ್ದಾದರೂ ಮೊದಲ ದಶಕಗಳಲ್ಲಿ ಕಾರ್ಖಾನೆಯೊಳಗೆ ತಮಿಳು ಮಾತನಾಡುವ ನೌಕರರ ಸಂಖ್ಯೆ ಹೆಚ್ಚಾಗಿತ್ತು. ದಂಡು ಪ್ರದೇಶ ಹಾಗೂ ನಗರದ ಪೂರ್ವ ಭಾಗಗಳ ಜನವಸತಿಯೇ ಬಹುಭಾಷಿಕವಾದುದು ಇದಕ್ಕೆ ಮುಖ್ಯ ಕಾರಣ. ತೆಲುಗು, ಮಲಯಾಳಂ ಭಾಷಿಕರೂ ಗಣನೀಯ ಸಂಖ್ಯೆಯಲ್ಲಿದ್ದರು. ಪರಿಚಿತರ ಶಿಫಾರಸಿನಿಂದ ಪರಿಚಿತರು ಸೇರುವ ರೂಢಿಯಿಂದ ಈ ಸ್ವರೂಪ ಕೆಲಕಾಲ ಮುಂದುವರಿಯಿತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ವಿಧಿಸಿದ 1959ರ ಕಾಯಿದೆ, 1961ರ ಅಪ್ರೆಂಟಿಸ್ ಕಾಯಿದೆ, ರಾಜ್ಯದ ಕೈಗಾರಿಕಾ ತರಬೇತಿ ಸಂಸ್ಥೆಗಳ ವಿಸ್ತರಣೆ ಇವುಗಳಿಂದ ಬೆಂಗಳೂರು, ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳ ಕನ್ನಡಿಗ ಯುವಕರಿಗೆ ದಾರಿ ತೆರೆಯಿತು.

ಸಾರ್ವಜನಿಕ ಉದ್ಯಮಗಳಲ್ಲಿ ಕನ್ನಡ ಸಂಘಗಳು ಹುಟ್ಟಿಕೊಂಡು, ರಾಜ್ಯೋತ್ಸವ, ನಾಟಕ, ಸಾಹಿತ್ಯ ಕಾರ್ಯಕ್ರಮಗಳ ಜೊತೆಗೆ ನೇಮಕಾತಿಯ ಪ್ರಶ್ನೆಯನ್ನೂ ಎತ್ತಿದವು. 1982ರ ಗೋಕಾಕ್ ಚಳವಳಿಯ ನಂತರ ಈ ಧ್ವನಿ ಬಲಗೊಂಡಿತು. ಸರೋಜಿನಿ ಮಹಿಷಿ ಸಮಿತಿಯು 1986ರಲ್ಲಿ ಸಲ್ಲಿಸಿದ ವರದಿಯು ಕೇಂದ್ರ ಸರ್ಕಾರದ ಉದ್ಯಮಗಳ ಕೆಳಹಂತದ ಹುದ್ದೆಗಳನ್ನು ಕನ್ನಡಿಗರಿಗೆ ನೀಡಬೇಕೆಂದು ಶಿಫಾರಸು ಮಾಡಿತು. ಆದರೆ ವರದಿ ಬಂದ ಕೆಲವೇ ವರ್ಷಗಳಲ್ಲಿ ಐ.ಟಿ.ಐ.ಯಂತಹ ಉದ್ಯಮಗಳಲ್ಲಿ ಹೊಸ ನೇಮಕಾತಿಯೇ ಕ್ಷೀಣಿಸತೊಡಗಿತು. ಕೋಟೆಯ ಬಾಗಿಲಿನ ಕೀಲಿಕೈ ಕುರಿತ ಚರ್ಚೆ ಮುಗಿಯುವಷ್ಟರಲ್ಲಿ ಬಾಗಿಲೇ ಮುಚ್ಚುತ್ತಿತ್ತು.

77 ದಿನಗಳ ಮುಷ್ಕರ

ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ನೌಕರರು 1980ರ ಡಿಸೆಂಬರ್ 26ರಿಂದ 1981ರ ಮಾರ್ಚ್‌ವರೆಗೆ 77 ದಿನಗಳ ಕಾಲ ನಡೆಸಿದ ಮುಷ್ಕರವು ಕರ್ನಾಟಕದ ಕಾರ್ಮಿಕ ಚರಿತ್ರೆಯ ಮಹತ್ವದ ಘಟನೆ. ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಬಿ.ಇ.ಎಂ.ಎಲ್., ಐ.ಟಿ.ಐ.ಗಳ ಒಂದು ಲಕ್ಷಕ್ಕೂ ಹೆಚ್ಚು ನೌಕರರು ಇದರಲ್ಲಿ ಭಾಗಿಗಳಾದರು. ಬಿ.ಎಚ್.ಇ.ಎಲ್. ನೌಕರರಿಗೆ ದೊರೆತ ವೇತನಕ್ಕೆ ಸಮಾನವಾದ ವೇತನ ತಮಗೂ ಬೇಕೆಂಬುದು ಅವರ ಪ್ರಧಾನ ಬೇಡಿಕೆ. ಐ.ಟಿ.ಐ.ಯ ಕಾರ್ಮಿಕ ಸಂಘದ ನೇತೃತ್ವ ವಹಿಸಿದ್ದ, ತುರ್ತುಪರಿಸ್ಥಿತಿಯ ಕಾಲದಲ್ಲಿ ಸೆರೆವಾಸ ಅನುಭವಿಸಿದ್ದ ಮೈಕೆಲ್ ಫರ್ನಾಂಡಿಸ್ ಅವರು ಅಂದಿನ ಬೆಂಗಳೂರಿನ ಪ್ರಮುಖ ಕಾರ್ಮಿಕ ನಾಯಕರಲ್ಲಿ ಒಬ್ಬರು.

ಈ ಮುಷ್ಕರವು ನೌಕರರಿಗೆ ಒಂದು ಕಟುಸತ್ಯವನ್ನು ತಿಳಿಸಿತು. ಎದುರಿಗೆ ಕುಳಿತು ಮಾತುಕತೆ ನಡೆಸುವ ಆಡಳಿತ ಮಂಡಳಿಗೆ ವೇತನವನ್ನು ನಿರ್ಧರಿಸುವ ಸ್ವಾತಂತ್ರ್ಯವಿರಲಿಲ್ಲ. ಅದರ ಕಡಿವಾಣ ದೆಹಲಿಯ ಸಾರ್ವಜನಿಕ ಉದ್ಯಮಗಳ ಬ್ಯೂರೋದ ಕೈಯಲ್ಲಿತ್ತು. ಎರಡೂವರೆ ತಿಂಗಳು ಸಂಬಳವಿಲ್ಲದೆ ಕಳೆದ ಕುಟುಂಬಗಳು ಒಡವೆ ಒತ್ತೆಯಿಟ್ಟು, ಅಂಗಡಿಯ ಸಾಲದಿಂದ ದಿನ ದೂಡಬೇಕಾಯಿತು. ಪ್ರಧಾನ ಬೇಡಿಕೆ ಈಡೇರದೆಯೇ ನೌಕರರು ಕೆಲಸಕ್ಕೆ ಮರಳಿದರು. ಈ ಮುಷ್ಕರದ ಸೋಲಿಗೆ ನಾಯಕತ್ವದ ಭಿನ್ನಾಭಿಪ್ರಾಯಗಳು, ಸರ್ಕಾರದ ಹಠ ಮೊದಲಾದ ಕಾರಣಗಳನ್ನು ವಿದ್ವಾಂಸರು ಚರ್ಚಿಸಿದ್ದಾರೆ. ಆದರೆ ವಿವಿಧ ಕಾರ್ಖಾನೆಗಳ, ವಿವಿಧ ಭಾಷೆಗಳ ನೌಕರರು ಒಂದೇ ಬೇಡಿಕೆಯ ಕೆಳಗೆ ಇಷ್ಟು ದಿನ ನಿಂತುದು ಆ ನಗರದಲ್ಲಿ ಮತ್ತೆ ಕಾಣದ ಸಂಗತಿಯೆಂಬುದನ್ನೂ ದಾಖಲಿಸಬೇಕಾಗಿದೆ.

ತಂತ್ರಜ್ಞಾನದ ಪಲ್ಲಟ ಮತ್ತು ಕೌಶಲದ ಬೆಲೆ

ಬೆಲ್ಜಿಯಂನ ಬೆಲ್ ಟೆಲಿಫೋನ್ ಸಂಸ್ಥೆಯೊಡನೆ 1964ರಲ್ಲಿ ಆದ ಒಪ್ಪಂದದಿಂದ ಕ್ರಾಸ್‌ಬಾರ್ ಪದ್ಧತಿ ಬಂದಿತು. ಇದು ಕೂಡ ವಿದ್ಯುತ್ ಯಾಂತ್ರಿಕ ಪದ್ಧತಿಯೇ ಆದುದರಿಂದ ಹಳೆಯ ಕೌಶಲಗಳಿಗೆ ಒಮ್ಮೆಲೇ ಧಕ್ಕೆಯಾಗಲಿಲ್ಲ. ಆದರೆ ಯೂರೋಪಿನ ಬಳಕೆಗಾಗಿ ರೂಪಿಸಿದ ಈ ಯಂತ್ರ ಭಾರತದ ನಗರಗಳಲ್ಲಿ ತತ್ತರಿಸಿತು. ಇಲ್ಲಿ ದೂರವಾಣಿಗಳು ಕಡಿಮೆ. ಒಂದು ದೂರವಾಣಿಯನ್ನು ಇಡೀ ಕಚೇರಿಯೋ ಬೀದಿಯೋ ಬಳಸುತ್ತಿದ್ದುದರಿಂದ ಪ್ರತಿ ತಂತಿಯ ಮೇಲಿನ ಕರೆಗಳ ಹೊರೆ ಅತಿ ಹೆಚ್ಚು. ಸಂಪರ್ಕ ಸಿಗದ ಚಂದಾದಾರರ ಬೈಗುಳಕ್ಕೆ ಯಂತ್ರವನ್ನು ತಯಾರಿಸಿದವರೂ ಗುರಿಯಾದರು. ದೂರಸಂಪರ್ಕ ಸಂಶೋಧನಾ ಕೇಂದ್ರ ಮತ್ತು ಐ.ಟಿ.ಐ.ಗಳ ಎಂಜಿನಿಯರುಗಳು ಅದನ್ನು ಇಲ್ಲಿನ ಹೊರೆಗೆ ತಕ್ಕಂತೆ ಮಾರ್ಪಡಿಸಿದರು. ಇದು ಸಂಸ್ಥೆಯೊಳಗಿನ ಸ್ವಂತ ಜ್ಞಾನಕ್ಕೆ ಸಾಕ್ಷಿಯಾದರೂ ಸಾರ್ವಜನಿಕರ ನೆನಪಿನಲ್ಲಿ ಉಳಿದುದು ದೋಷವೇ ಹೊರತು ತಿದ್ದುಪಡಿಯಲ್ಲ.

ನಿಜವಾದ ಪಲ್ಲಟ ಬಂದುದು ಡಿಜಿಟಲ್ ಪದ್ಧತಿಯಿಂದ. 1969ರಿಂದ 1976ರ ನಡುವೆ ಶ್ರೀನಗರ, ನೈನಿ, ರಾಯ್‌ಬರೇಲಿ, ಪಾಲಕ್ಕಾಡುಗಳಲ್ಲಿ ಸಂಸ್ಥೆಯ ಹೊಸ ಘಟಕಗಳು ಆರಂಭವಾಗಿದ್ದವು. 1980ರ ದಶಕದಲ್ಲಿ ಫ್ರಾನ್ಸಿನ ಸಿ.ಐ.ಟಿ.-ಆಲ್ಕಟೆಲ್ ಸಂಸ್ಥೆಯ ಸಹಯೋಗದ ದೊಡ್ಡ ಡಿಜಿಟಲ್ ಕಾರ್ಖಾನೆ ಉತ್ತರ ಪ್ರದೇಶದ ಮಂಕಾಪುರಕ್ಕೆ ಹೋಯಿತು. ಮೂಲ ಕಾರ್ಖಾನೆಯ ನೌಕರರಿಗೆ ಇದು ಆತಂಕದ ಸೂಚನೆಯಾಗಿತ್ತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ತಂತಿಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಮೊದಲು ಕಾರ್ಯಾರಂಭ ಮಾಡಿತು. ದೇಶೀಯ ತಂತ್ರಜ್ಞಾನದ ಈ ವಿಜಯಕ್ಕೆ ಇನ್ನೊಂದು ಮುಖವೂ ಇದ್ದಿತು. ಸಿ-ಡಾಟ್ ತನ್ನ ವಿನ್ಯಾಸವನ್ನು ಹಲವು ಖಾಸಗಿ ತಯಾರಕರಿಗೂ ನೀಡಿದುದರಿಂದ ಐ.ಟಿ.ಐ.ಯ ಏಕಸ್ವಾಮ್ಯ ಸಡಿಲವಾಯಿತು.

ಡಿಜಿಟಲ್ ಯಂತ್ರದಲ್ಲಿ ಬಾಗಿಸಬೇಕಾದ ಪಟ್ಟಿಯಿಲ್ಲ, ಸುತ್ತಬೇಕಾದ ಸುರುಳಿ ಅತ್ಯಲ್ಪ. ಮುದ್ರಿತ ಫಲಕದ ಮೇಲೆ ಬಿಡಿಭಾಗಗಳನ್ನು ಕೂರಿಸಿದರೆ ಪರೀಕ್ಷೆಯನ್ನು ಕಂಪ್ಯೂಟರ್ ನಡೆಸುತ್ತದೆ. ಅಷ್ಟೇ ಸಂಖ್ಯೆಯ ತಂತಿಗಳಿಗೆ ಬೇಕಾಗುವ ಕೈಗಳು ಹಿಂದಿನ ಒಂದು ಸಣ್ಣ ಭಾಗ ಮಾತ್ರ. ಇಪ್ಪತ್ತು ವರ್ಷ ರಿಲೇಗಳನ್ನು ಹೊಂದಿಸಿದ ನೌಕರನ ವಿದ್ಯೆಗೆ ಹೊರಗಿನ ಮಾರುಕಟ್ಟೆಯಲ್ಲಿಯೂ ಬೆಲೆಯಿರಲಿಲ್ಲ, ಏಕೆಂದರೆ ಆ ಯಂತ್ರವನ್ನು ತಯಾರಿಸುವವರು ಬೇರೆ ಯಾರೂ ಇರಲಿಲ್ಲ. ಮರುತರಬೇತಿಗಳು ನಡೆದವು. ಆದರೆ ಯಂತ್ರದ ಸ್ವರವನ್ನು ಕೇಳಿಯೇ ದೋಷ ಹೇಳುತ್ತಿದ್ದವನು ಪರದೆಯ ಮೇಲಿನ ಸಂಕೇತವನ್ನು ಓದುವವನಾಗುವುದೆಂದರೆ ಕೆಲಸದ ಬದಲಾವಣೆಯ ಜೊತೆಗೆ ಹಿರಿತನದ ನಷ್ಟವೂ ಹೌದು. ಹೊಸಬನಿಗೆ ಹೆಚ್ಚು ತಿಳಿದಿದೆ ಎಂಬ ಸ್ಥಿತಿಯನ್ನು ಕಾರ್ಖಾನೆಯ ಮಹಡಿ ಅಲ್ಲಿಯವರೆಗೆ ಕಂಡಿರಲಿಲ್ಲ.

1991ರ ನಂತರ

1991ರ ಉದಾರೀಕರಣದ ನೀತಿಯಿಂದ ದೂರಸಂಪರ್ಕ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ತೆರೆದುಕೊಂಡಿತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು ಸೇವಾ ಕ್ಷೇತ್ರಕ್ಕೂ ಖಾಸಗಿಯವರನ್ನು ಆಹ್ವಾನಿಸಿತು. ಟೆಂಡರ್ ಪದ್ಧತಿಯಲ್ಲಿ ಬೆಲೆಗಳು ಕುಸಿದವು. ಒಬ್ಬನೇ ಗಿರಾಕಿಯಾಗಿದ್ದ ಇಲಾಖೆಯು 2000ದ ಅಕ್ಟೋಬರಿನಲ್ಲಿ ಬಿ.ಎಸ್.ಎನ್.ಎಲ್. ಆಗಿ ಬೇರ್ಪಟ್ಟಿತು. ಮೊಬೈಲ್ ದೂರವಾಣಿಯ ಹರಡುವಿಕೆಯಿಂದ ಸ್ಥಿರ ದೂರವಾಣಿಯ ಬೇಡಿಕೆಯೇ ಇಳಿಯಿತು. ಎರಡು ಕಂಬಗಳೂ ಹೀಗೆ ಒಂದೇ ದಶಕದಲ್ಲಿ ಕುಸಿದವು. 1990ರ ದಶಕದ ಮಧ್ಯಭಾಗದಿಂದ ಸಂಸ್ಥೆ ನಷ್ಟ ಕಂಡಿತು, ಸ್ವಯಂನಿವೃತ್ತಿ ಯೋಜನೆಗಳು ಬಂದವು. 2014ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು 4,156.79 ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಗೆ ಒಪ್ಪಿಗೆ ನೀಡಿತು. ಸೇನೆಯ ಸಂಪರ್ಕ ಜಾಲ, ಗ್ರಾಮ ಪಂಚಾಯಿತಿಗಳಿಗೆ ಅಂತರ್ಜಾಲ ಒದಗಿಸುವ ಭಾರತ್‌ನೆಟ್ ಮುಂತಾದ ಯೋಜನೆಗಳ ಕೆಲಸ ಸಂಸ್ಥೆಗೆ ದೊರೆಯಿತು. ಆದರೆ ಉಚ್ಛ್ರಾಯ ಕಾಲದಲ್ಲಿ ಎಲ್ಲ ಘಟಕಗಳೂ ಸೇರಿ 30,000ಕ್ಕೂ ಮಿಕ್ಕಿದ್ದ ಕಾಯಂ ನೌಕರರ ಸಂಖ್ಯೆ 2020ರ ದಶಕದ ಆರಂಭಕ್ಕೆ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದಿತ್ತು.

‘ಸ್ವಯಂನಿವೃತ್ತಿ’ ಎಂಬ ಪದದಲ್ಲಿನ ‘ಸ್ವಯಂ’ ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹ. ಮಾಡಲು ಕೆಲಸವಿಲ್ಲದೆ ಪಾಳಿಯನ್ನು ಕಳೆಯುವುದು, ವೇತನ ಪರಿಷ್ಕರಣೆ ಇತರ ಉದ್ಯಮಗಳಿಗಿಂತ ಹಿಂದೆ ಬೀಳುವುದು, ನಾಳೆ ಏನೆಂಬುದು ತಿಳಿಯದಿರುವುದು ಇವುಗಳ ನಡುವೆ ಮಾಡಿದ ಆಯ್ಕೆ ಅದು.

ಉತ್ಪಾದನೆಗೆ ಕೈಗಳು ಬೇಕಾದಾಗ ಕಾಯಂ ನೇಮಕಾತಿಯ ಬದಲು ಗುತ್ತಿಗೆ ಪದ್ಧತಿ ಬೆಳೆಯಿತು. 2021ರ ಡಿಸೆಂಬರ್ 1ರಂದು ಬೆಂಗಳೂರು ಘಟಕದ ಸುಮಾರು 80 ಗುತ್ತಿಗೆ ನೌಕರರಿಗೆ ಪ್ರವೇಶ ನಿರಾಕರಿಸಲಾಯಿತು. ಅವರಲ್ಲಿ ಹಲವರು ಅನೇಕ ವರ್ಷಗಳಿಂದ ದುಡಿದವರು. ತಾವು ಸಂಸ್ಥೆಯ ನೌಕರರೆಂಬುದು ಅವರ ವಾದ, ಗುತ್ತಿಗೆದಾರನ ನೌಕರರೆಂಬುದು ಆಡಳಿತದ ನಿಲುವು. ಕಾರ್ಖಾನೆಯ ಹೆಬ್ಬಾಗಿಲಿನ ಎದುರು ಅವರು ತಿಂಗಳುಗಟ್ಟಲೆ ಧರಣಿ ಕುಳಿತರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ದೂರವಾಣಿನಗರದ ನೌಕರರ ಭದ್ರತೆಯು ಅವರ ಕೌಶಲದ ಫಲವಷ್ಟೇ ಆಗಿರದೆ, ಒಬ್ಬನೇ ಗಿರಾಕಿ ಮತ್ತು ಒಂದೇ ಬಗೆಯ ತಂತ್ರಜ್ಞಾನವೆಂಬ ಚಾರಿತ್ರಿಕ ಸಂದರ್ಭದ ಫಲವೂ ಆಗಿತ್ತು. ಆ ಭದ್ರತೆಯ ಒಳಗೂ ಮಹಿಳೆಯರಿಗೆ ಮೇಲೇರುವ ದಾರಿ ಕಿರಿದಾಗಿತ್ತು, ಕನ್ನಡಿಗರಿಗೆ ಪ್ರವೇಶ ತಡವಾಗಿ ದೊರೆಯಿತು. 1981ರವರೆಗೆ ಕೋಟೆಯ ಗೋಡೆಯು ಕಾರ್ಖಾನೆಗೂ ಹೊರಗಿನ ಬಡತನಕ್ಕೂ ನಡುವೆ ಇದ್ದಿತು. 2021ರ ವೇಳೆಗೆ ಅದು ಕಾರ್ಖಾನೆಯ ಒಳಕ್ಕೇ ಸರಿದು, ಅಕ್ಕಪಕ್ಕದಲ್ಲಿ ದುಡಿಯುವ ಕಾಯಂ ನೌಕರನಿಗೂ ಗುತ್ತಿಗೆಯವನಿಗೂ ನಡುವೆ ನಿಂತಿತ್ತು. ಹೋಲ್ಮ್‌ಸ್ಟ್ರಮ್ ಅವರು 1984ರಲ್ಲಿಯೇ ಒಳಗು ಹೊರಗುಗಳ ಗೆರೆಯನ್ನು ಕುರಿತು ವ್ಯಕ್ತಪಡಿಸಿದ ಸಂದೇಹಕ್ಕೆ ಈ ಊರು ಹೀಗೆ ಪುಷ್ಟಿ ನೀಡುತ್ತದೆ.

ಶಾಸನ, ಕಡತಗಳನ್ನು ಜೋಪಾನವಾಗಿ ಕಾಪಾಡುವ ನಮ್ಮ ಚರಿತ್ರೆಯ ಪರಂಪರೆಗೆ ಈ ನೌಕರರ ಸಾಕ್ಷ್ಯಗಳು ಇನ್ನೂ ಸೇರಬೇಕಾಗಿದೆ. ಸಂಘದ ಕರಪತ್ರಗಳು, ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ವೇತನ ಚೀಟಿಗಳು, ಮನೆಗಳಲ್ಲಿ ಉಳಿದಿರುವ ಇಕ್ಕಳ, ಗೇಜುಗಳು ಇವೆಲ್ಲ ಆಕರಗಳೇ. 1950ರ ದಶಕದಲ್ಲಿ ಕೆಲಸಕ್ಕೆ ಸೇರಿದ ಪೀಳಿಗೆಯಲ್ಲಿ ಉಳಿದವರು ವಿರಳ. 1960, 70ರ ದಶಕಗಳಲ್ಲಿ ಸೇರಿದವರು ಇಂದು ವೃದ್ಧರು. ರಿಲೇಯ ಪಟ್ಟಿಯನ್ನು ಎಷ್ಟು ಬಾಗಿಸಬೇಕೆಂಬ ವಿದ್ಯೆ ಯಾವ ಕೈಪಿಡಿಯಲ್ಲಿಯೂ ಪೂರ್ಣವಾಗಿ ದಾಖಲಾಗಿಲ್ಲ. ಅದನ್ನು ಬಲ್ಲವರ ಮಾತುಗಳನ್ನು ಅವರದೇ ಭಾಷೆಯಲ್ಲಿ ಧ್ವನಿಮುದ್ರಿಸಿಕೊಳ್ಳುವ ಕಾರ್ಯವನ್ನು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ರಾಜ್ಯ ಪತ್ರಾಗಾರವೂ ತುರ್ತಾಗಿ ಕೈಗೆತ್ತಿಕೊಳ್ಳುವುದು ಅವಶ್ಯಕವಾಗಿದೆ.